ಒಂದೇ ಬೆಂಚು, ನಾಲ್ಕು ಬೆಲೆ: ಎಂಜಿನಿಯರಿಂಗ್ ಶುಲ್ಕದ ಲೆಕ್ಕ, ನೆರವಿನ ಲೆಕ್ಕ

ಸಿಇಟಿ ಫಲಿತಾಂಶದ ಬೆನ್ನಿಗೇ ಮೂರು ಬಗೆಯ ಸುದ್ದಿಗಳು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡತೊಡಗುತ್ತವೆ. ಎಂಜಿನಿಯರಿಂಗ್ ಶುಲ್ಕ ಮತ್ತೆ ಏರಿತು ಎಂಬುದು ಒಂದು. ಜಾಮೀನಿಲ್ಲದೆ 10 ಲಕ್ಷದವರೆಗೆ ಸಾಲ ಸಿಗುತ್ತದೆ ಎಂಬುದು ಇನ್ನೊಂದು. ಎಂಟು ಲಕ್ಷದೊಳಗಿನ ಆದಾಯದವರಿಗೆ ಬೋಧನಾ ಶುಲ್ಕವೇ ಇಲ್ಲ ಎಂಬುದು ಮೂರನೆಯದು. ಮೂರರಲ್ಲೂ ಸತ್ಯವಿದೆ. ಆದರೆ ಮೂರೂ ಒಬ್ಬನೇ ವಿದ್ಯಾರ್ಥಿಗೆ ಒಟ್ಟಿಗೆ ಅನ್ವಯವಾಗುವುದು ಅಪರೂಪ. ಹೀಗಾಗಿ ಸೀಟು ಹಂಚಿಕೆಯ ದಿನ ಬರುವ ಹೊತ್ತಿಗೆ ಮನೆಯಲ್ಲಿ ಉಳಿಯುವುದು ಒಂದೇ ಪ್ರಶ್ನೆ: ಈ ವಾರ ಎಷ್ಟು ಕಟ್ಟಬೇಕು, ಅದರಲ್ಲಿ ಎಷ್ಟು ವಾಪಸ್ ಬರುತ್ತದೆ, ಯಾವಾಗ?

ಏರಿಕೆಯಿಂದಲೇ ಶುರು ಮಾಡೋಣ. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಶುಲ್ಕವನ್ನು 2024-25ರಲ್ಲಿ ಶೇ 10ರಷ್ಟು ಹೆಚ್ಚಿಸಲಾಯಿತು, 2025-26ರಲ್ಲಿ ಶೇ 7.5ರಷ್ಟು. ಕಾಲೇಜುಗಳು ಕೇಳಿದ್ದು ಇದಕ್ಕಿಂತ ಹೆಚ್ಚು ಎಂಬ ಕಾರಣಕ್ಕೆ ಎರಡನೆಯದನ್ನು ‘ಅಲ್ಪ ಏರಿಕೆ’ ಎನ್ನಲಾಯಿತು. ಆದರೆ ಏರಿಕೆಯ ಮೇಲೆ ಏರಿಕೆ ಸೇರಿದಾಗ ಎರಡು ವರ್ಷದಲ್ಲಿ ಆದದ್ದು ಶೇ 18ಕ್ಕೂ ಹೆಚ್ಚು. ನೂರು ರೂಪಾಯಿ ಕಟ್ಟುತ್ತಿದ್ದ ಮನೆಯ ಎರಡನೇ ಮಗು ಅದೇ ಸೀಟಿಗೆ 118 ರೂಪಾಯಿ ಕಟ್ಟುತ್ತದೆ.

ತರಗತಿ ಒಂದು, ಬಾಗಿಲು ನಾಲ್ಕು

ಕಂಪ್ಯೂಟರ್ ಸೈನ್ಸ್ ಮೊದಲ ಸೆಮಿಸ್ಟರ್‌ನ ಒಂದು ಬೆಂಚಿನಲ್ಲಿ ನಾಲ್ವರು ಕೂತಿದ್ದಾರೆ ಎಂದುಕೊಳ್ಳಿ. ಮೇಷ್ಟ್ರು ಒಬ್ಬರೇ, ಲ್ಯಾಬ್ ಒಂದೇ, ಕೊನೆಗೆ ಕೈಗೆ ಬರುವ ವಿಟಿಯು ಪದವಿ ಪತ್ರವೂ ಒಂದೇ. ಮೊದಲನೆಯವಳು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ, ಅಂದರೆ ಕೆಇಎಯ, ಸರ್ಕಾರಿ ಕೋಟಾದಲ್ಲಿ ಬಂದವಳು. ವಿಶ್ವವಿದ್ಯಾಲಯದ ಶುಲ್ಕವೂ ಸೇರಿ ಅವಳಿಗೆ ವರ್ಷಕ್ಕೆ ಒಂದು ಲಕ್ಷದ ಆಸುಪಾಸು. ಎರಡನೆಯವನು ಖಾಸಗಿ ಕಾಲೇಜುಗಳ ಒಕ್ಕೂಟವಾದ ಕಾಮೆಡ್‌ಕೆ ಮೂಲಕ ಬಂದವನು. ಕಾಲೇಜು ಯಾವ ಶುಲ್ಕ ಶ್ರೇಣಿಯಲ್ಲಿದೆ ಎಂಬುದರ ಮೇಲೆ ಅವನಿಗೆ 2025-26ರಲ್ಲಿ ಸುಮಾರು 2 ಲಕ್ಷ ಅಥವಾ ಸುಮಾರು 2.81 ಲಕ್ಷ. ಮೂರನೆಯವನದು ಮ್ಯಾನೇಜ್‌ಮೆಂಟ್ ಸೀಟು. ಅದರ ಬೆಲೆ ಕಾಲೇಜಿನ ಹೆಸರು ಮತ್ತು ಬ್ರಾಂಚಿನ ಬೇಡಿಕೆಯನ್ನು ನೋಡಿಕೊಂಡು ನಿಲ್ಲುತ್ತದೆ. ನಾಲ್ಕನೆಯವಳು ಎಸ್‌ಎನ್‌ಕ್ಯೂ, ಅಂದರೆ ಸೂಪರ್‌ನ್ಯೂಮರರಿ ಕೋಟಾದವಳು. ಅವಳಿಗೆ ಬೋಧನಾ ಶುಲ್ಕವೇ ಇಲ್ಲ.

ಮೊದಲ ಮೂರು ಬಾಗಿಲುಗಳ ಅಳತೆ ಸಾಮಾನ್ಯವಾಗಿ ಹೀಗೆ: ಶೇ 45 ಸರ್ಕಾರಿ ಕೋಟಾ, ಶೇ 30 ಕಾಮೆಡ್‌ಕೆ, ಎನ್‌ಆರ್‌ಐ ಸೇರಿ ಶೇ 25 ಆಡಳಿತ ಮಂಡಳಿಯ ಪಾಲು. ಅಲ್ಪಸಂಖ್ಯಾತ ಕಾಲೇಜುಗಳಲ್ಲಿ ಇದು 40-30-30. ಖಾಸಗಿ ವಿಶ್ವವಿದ್ಯಾಲಯಗಳದು ಬೇರೆಯೇ ಲೆಕ್ಕ, ಅದನ್ನಿಲ್ಲಿ ಬಿಡೋಣ. ನಾಲ್ಕನೆಯದು ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇಯ ಬೋಧನಾ ಶುಲ್ಕ ವಿನಾಯಿತಿ ಯೋಜನೆ. ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಶೇ 5ರಷ್ಟು ಸೀಟುಗಳು ಇದರಲ್ಲಿ ಸಿಗುತ್ತವೆ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿರಬೇಕು. ‘ಎಂಟು ಲಕ್ಷದೊಳಗಿದ್ದರೆ ಶುಲ್ಕವಿಲ್ಲ’ ಎಂಬ ಸುದ್ದಿಯ ಮೂಲ ಇದು. ಅರವತ್ತು ಸೀಟಿನ ಬ್ರಾಂಚಿನಲ್ಲಿ ಹೀಗೆ ಬರುವವರು ಮೂವರು! ಆ ಮೂರು ಸೀಟಿಗೂ ರ‍್ಯಾಂಕಿನ ಪೈಪೋಟಿ. ಒಮ್ಮೆ ಸೇರಿದ ಮೇಲೆ ಕಾಲೇಜನ್ನಾಗಲಿ ಬ್ರಾಂಚನ್ನಾಗಲಿ ಬದಲಿಸಲು ಬರುವುದಿಲ್ಲ. ಮನ್ನಾ ಆಗುವುದು ಬೋಧನಾ ಶುಲ್ಕ ಮಾತ್ರ, ಉಳಿದ ಶುಲ್ಕಗಳನ್ನು ಕಟ್ಟಲೇಬೇಕು.

ಅಂದರೆ ಈ ನಾಲ್ವರ ಶುಲ್ಕಕ್ಕೂ ಅವರನ್ನು ಓದಿಸಲು ತಗಲುವ ನಿಜವಾದ ಖರ್ಚಿಗೂ ನೇರ ಸಂಬಂಧವಿಲ್ಲ. ಯಾವ ಬಾಗಿಲಿಂದ ಒಳಗೆ ಬಂದಿರಿ ಎಂಬುದೇ ಬೆಲೆಯನ್ನು ನಿರ್ಧರಿಸುತ್ತದೆ. ಬಾಗಿಲನ್ನು ನಿರ್ಧರಿಸುವುದು ರ‍್ಯಾಂಕು. ನಾಲ್ಕನೇ ಬಾಗಿಲು ಬಿಟ್ಟರೆ ಮನೆಯ ಆದಾಯ ಲೆಕ್ಕಕ್ಕೆ ಬರುವುದು ಇದೆಲ್ಲ ಮುಗಿದ ಮೇಲೆ, ಅದೂ ಕೆಲವರಿಗೆ ಮಾತ್ರ.

ಈ ಹಂಚಿಕೆ ಹುಟ್ಟಿದ್ದು ಹೇಗೆ

ಇದರ ಬೇರು ಇರುವುದು ತುಮಕೂರಿನಲ್ಲಿ. ಉತ್ತರ ಪ್ರದೇಶದ ವಿದ್ಯಾರ್ಥಿನಿ ಮೋಹಿನಿ ಜೈನ್ ಅಲ್ಲಿನ ಖಾಸಗಿ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕಿದ್ದರು. ಆಗಿನ ಸರ್ಕಾರಿ ಅಧಿಸೂಚನೆಯ ಪ್ರಕಾರ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟಿಗೆ ಕರ್ನಾಟಕದವರಿಗೆ 25,000, ಹೊರರಾಜ್ಯದವರಿಗೆ 60,000. ಬೆಂಚಿನ ಮೇಲಿನ ಬೆಲೆಪಟ್ಟಿ ಆಗಲೂ ಇತ್ತು! 1992ರಲ್ಲಿ ಸುಪ್ರೀಂ ಕೋರ್ಟ್ ಸೀಟಿಗಾಗಿ ನಿಜ ಶುಲ್ಕದ ಮೇಲೆ ವಸೂಲು ಮಾಡುವ ಇಂಥ ಕ್ಯಾಪಿಟೇಶನ್ ಶುಲ್ಕ ಅಸಾಂವಿಧಾನಿಕ ಎಂದಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ‘ಉಚಿತ ಸೀಟು, ಪಾವತಿ ಸೀಟು’ ಎಂಬ ವ್ಯವಸ್ಥೆ ರೂಪುಗೊಂಡಿತು. ಹಣ ಕೊಡುವವರ ಶುಲ್ಕದಿಂದ ಉಳಿದವರ ಓದು ನಡೆಯಲಿ ಎಂಬುದು ಅದರ ತರ್ಕ.

2002ರಲ್ಲಿ ಗಾಳಿ ತಿರುಗಿತು. ಕರ್ನಾಟಕದಿಂದಲೇ ಹೋದ ಟಿ.ಎಂ.ಎ. ಪೈ ಫೌಂಡೇಶನ್ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಆ ವ್ಯವಸ್ಥೆಯನ್ನು ಕೈಬಿಟ್ಟಿತು. ಒಬ್ಬ ವಿದ್ಯಾರ್ಥಿಯ ಶುಲ್ಕವನ್ನು ಇನ್ನೊಬ್ಬನ ಮೇಲೆ ಹೊರಿಸುವುದು ಸರಿಯಲ್ಲ, ಅನುದಾನರಹಿತ ಕಾಲೇಜು ತನ್ನ ಶುಲ್ಕವನ್ನು ತಾನೇ ನಿಗದಿ ಮಾಡಬಹುದು, ಬೆಳವಣಿಗೆಗೆ ಬೇಕಾದಷ್ಟು ಮಿಗಿಸಿಕೊಳ್ಳಬಹುದು, ಆದರೆ ಲಾಭಕೋರತನಕ್ಕೂ ಕ್ಯಾಪಿಟೇಶನ್‌ಗೂ ಅವಕಾಶವಿಲ್ಲ ಎಂದಿತು. 2005ರ ಇನಾಮದಾರ್ ತೀರ್ಪು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅನುದಾನರಹಿತ ಕಾಲೇಜಿನ ಮೇಲೆ ಸರ್ಕಾರ ತನ್ನ ಕೋಟಾ ಹೇರುವಂತಿಲ್ಲ ಎಂದಿತು. ಮೀಸಲಾತಿಯ ದಾರಿಯನ್ನು ಸಂಸತ್ತು ಸಂವಿಧಾನದ 93ನೇ ತಿದ್ದುಪಡಿಯ ಮೂಲಕ ಮತ್ತೆ ತೆರೆಯಿತು. ರಾಜ್ಯವೂ 2006ರಲ್ಲಿ ಪ್ರವೇಶ ಮತ್ತು ಶುಲ್ಕ ನಿಯಂತ್ರಣಕ್ಕೆ ಕಾಯ್ದೆ ಮಾಡಿತು.

ಕಾಯ್ದೆ ಇದ್ದರೂ ನಡೆಯುತ್ತಿರುವುದು ಒಪ್ಪಂದ. ಸರ್ಕಾರ ಮತ್ತು ಖಾಸಗಿ ಕಾಲೇಜುಗಳ ಸಂಘ ಕೂತು ಮಾತಾಡಿ, ಇಷ್ಟು ಸೀಟು ನಮಗೆ, ಇಷ್ಟು ಶುಲ್ಕ ನಿಮಗೆ ಎಂದು ಒಮ್ಮತಕ್ಕೆ ಬರುತ್ತವೆ. ಶುಲ್ಕದ ಸುದ್ದಿ ಪ್ರತಿ ವರ್ಷ ಸೀಟು ಹಂಚಿಕೆಯ ಹೊಸ್ತಿಲಿಗೆ ಬಂದು ನಿಲ್ಲುವುದು ಇದೇ ಕಾರಣಕ್ಕೆ. ಕಾಲೇಜಿನ ಲೆಕ್ಕಪತ್ರ ನೋಡಿ ಬರುವ ಅಂಕಿಯಾಗಿದ್ದರೆ ಅದನ್ನು ಜನವರಿಯಲ್ಲೇ ಹೇಳಬಹುದಿತ್ತು. ಚೌಕಾಸಿಯಲ್ಲಿ ಹುಟ್ಟುವ ಅಂಕಿ ಕೊನೇ ಗಳಿಗೆಯವರೆಗೂ ಜಗ್ಗಾಡುತ್ತದೆ.

ಯಾರ ಮಾತಿನಲ್ಲಿ ಎಷ್ಟು ಹುರುಳು

ಕಾಲೇಜುಗಳ ವಾದವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಎಐಸಿಟಿಇ ವೇತನ ಶ್ರೇಣಿ, ಲ್ಯಾಬು, ಮಾನ್ಯತೆಯ ಖರ್ಚು ಎಲ್ಲವೂ ಏರುತ್ತಿವೆ. ಸುಮಾರು ಅರ್ಧದಷ್ಟು ಸೀಟನ್ನು ಸರ್ಕಾರ ಹೇಳಿದ ದರಕ್ಕೆ ಕೊಡಬೇಕು, ಆ ಪೈಕಿ ಹಲವರ ಶುಲ್ಕವನ್ನು ಸರ್ಕಾರವೇ ಮರುಪಾವತಿಸಬೇಕು, ಅದು ತಡವಾಗಿ ಬರುತ್ತದೆ ಎನ್ನುತ್ತಾರೆ ಅವರು. ಇದು ದೊಡ್ಡ ಹೆಸರಿನ ಬೆಂಗಳೂರು ಕಾಲೇಜಿಗಿಂತ ತಾಲ್ಲೂಕು ಕೇಂದ್ರದ ಕಾಲೇಜಿಗೆ ಹೆಚ್ಚು ಸಲ್ಲುವ ಮಾತು. ಬೆಂಗಳೂರಿನ ಕಾಲೇಜಿಗೆ ಮ್ಯಾನೇಜ್‌ಮೆಂಟ್ ಸೀಟು ಕಾಮಧೇನು. ತಾಲ್ಲೂಕು ಕೇಂದ್ರದಲ್ಲಿ ಮ್ಯಾನೇಜ್‌ಮೆಂಟ್ ಸೀಟನ್ನು ಕೇಳುವವರೇ ಇಲ್ಲ. ಆದರೆ ಏರಿಕೆಯ ಪ್ರಮಾಣ ಇಬ್ಬರಿಗೂ ಒಂದೇ.

ಪೋಷಕರು ಮತ್ತು ವಿದ್ಯಾರ್ಥಿ ಸಂಘಟನೆಗಳ ಪ್ರಶ್ನೆ ಸರಳ: ಖರ್ಚು ಏರಿದೆ ಎಂದರೆ ಲೆಕ್ಕ ತೋರಿಸಿ. ಸರ್ಕಾರಕ್ಕೆ ಇಲ್ಲಿ ತನ್ನದೇ ಇಕ್ಕಟ್ಟಿದೆ. ಅಷ್ಟು ಸೀಟುಗಳನ್ನು ಸ್ವಂತ ಕಾಲೇಜುಗಳಲ್ಲಿ ಕಟ್ಟಿ ನಡೆಸುವುದಕ್ಕಿಂತ ಖಾಸಗಿಯವರಿಂದ ಕೇಳಿ ಪಡೆಯುವುದು ಬೊಕ್ಕಸಕ್ಕೆ ಅಗ್ಗ. ಅಗ್ಗದ ವಸ್ತು ಕೇಳುವವರು ಗಟ್ಟಿಯಾಗಿ ಚೌಕಾಸಿ ಮಾಡಲಾರರು. ಇನ್ನೊಂದು ವಾದವೂ ಇದೆ: ಕೋಟಾದ ಕಡಿಮೆ ಶುಲ್ಕ ಬೇಡ, ಎಲ್ಲರಿಗೂ ಒಂದೇ ಶುಲ್ಕವಿರಲಿ, ಬಡವರಿಗೆ ನೇರವಾಗಿ ವಿದ್ಯಾರ್ಥಿವೇತನ ಕೊಡಿ. ಕಾಗದದ ಮೇಲೆ ಇದು ಚೊಕ್ಕವಾಗಿ ಕಾಣುತ್ತದೆ. ಆ ನೇರ ನೆರವು ಇವತ್ತು ಹೇಗೆ ತಲುಪುತ್ತಿದೆ ಎಂದು ನೋಡಿದರೆ ಮಾತ್ರ ಧೈರ್ಯ ಸಾಲುವುದಿಲ್ಲ.

ಆದಾಯದ ಗೆರೆಗಳು

ನೆರವಿನ ಲೋಕದಲ್ಲಿ ಮೂರು ಸಂಖ್ಯೆಗಳು ಮುಖ್ಯ: 2.5 ಲಕ್ಷ, 4.5 ಲಕ್ಷ, 8 ಲಕ್ಷ. ಮೂರೂ ಕುಟುಂಬದ ವಾರ್ಷಿಕ ಆದಾಯದ ಮಿತಿಗಳು.

ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳ ಮೆಟ್ರಿಕ್ ನಂತರದ ಕೇಂದ್ರ ವಿದ್ಯಾರ್ಥಿವೇತನಕ್ಕೆ ಮಿತಿ 2.5 ಲಕ್ಷ. ತಿಂಗಳಿಗೆ ಹೇಳುವುದಾದರೆ 20,833 ರೂಪಾಯಿ. ತಂದೆ ಡ್ರೈವರ್, ತಿಂಗಳಿಗೆ 15 ಸಾವಿರ. ತಾಯಿ ಗಾರ್ಮೆಂಟ್ಸ್‌ನಲ್ಲಿ, 11 ಸಾವಿರ. ವರ್ಷಕ್ಕೆ 3.12 ಲಕ್ಷ. ಈ ಮನೆ ಬಡತನದಿಂದ ಆಚೆ ಬಂದಿದೆ ಎಂದು ಅವರ ಬೀದಿಯಲ್ಲಿ ಯಾರೂ ಹೇಳಲಾರರು, ಆದರೆ ಗೆರೆ ದಾಟಿಯಾಯಿತು. ತಾಯಿ ಮನೆಯಲ್ಲೇ ಉಳಿದಿದ್ದರೆ ಮಿತಿಯೊಳಗೆ ಇರುತ್ತಿದ್ದರು. ದುಡಿದದ್ದಕ್ಕೆ ದಂಡ ತೆತ್ತಂತೆ ಇದು.

4.5 ಲಕ್ಷದ ಗೆರೆ ಸಾಲದ ಬಡ್ಡಿ ನೆರವಿಗೂ, ದ್ವಿತೀಯ ಪಿಯುಸಿಯಲ್ಲಿ ಮುಂಚೂಣಿಯ ಅಂಕ ಪಡೆದವರಿಗೆ ಕೇಂದ್ರ ಕೊಡುವ ವಿದ್ಯಾರ್ಥಿವೇತನಕ್ಕೂ ಅನ್ವಯಿಸುತ್ತದೆ. ಎರಡನೆಯದು ಮೊದಲ ಮೂರು ವರ್ಷ ತಲಾ 12,000, ನಾಲ್ಕನೇ ವರ್ಷ 20,000. ಎಂಟು ಲಕ್ಷದ ಗೆರೆಯೊಳಗೆ ಎಸ್‌ಎನ್‌ಕ್ಯೂ ಜೊತೆಗೆ ವಿದ್ಯಾರ್ಥಿನಿಯರ ‘ಪ್ರಗತಿ’ ಇದೆ. ವರ್ಷಕ್ಕೆ 50,000 ಕೊಡುವ ಈ ಯೋಜನೆ ಗೊತ್ತಿರುವವರು ಕಡಿಮೆ. ರಾಜ್ಯದ ‘ವಿದ್ಯಾಸಿರಿ’ ಹಾಸ್ಟೆಲ್ ಸಿಗದವರ ಊಟ-ವಸತಿಗೆ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಕೊಡುತ್ತಾ ಬಂದಿದೆ. 2013ರಲ್ಲಿ ಯೋಜನೆ ಶುರುವಾದಾಗಲೂ ಮೊತ್ತ ಇಷ್ಟೇ ಇತ್ತು. ಅಂದಿನ ಪಿಜಿ ಬಾಡಿಗೆ ಮತ್ತು ಇಂದಿನ ಪಿಜಿ ಬಾಡಿಗೆಯನ್ನು ಓದುಗರೇ ಹೋಲಿಸಿಕೊಳ್ಳಲಿ. ರೈತರ ಮಕ್ಕಳಿಗೆ 2021ರಲ್ಲಿ ಬಂದ ‘ರೈತ ವಿದ್ಯಾನಿಧಿ’ಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗರಿಗೆ 10,000, ಹುಡುಗಿಯರಿಗೆ 11,000 ಎಂದು ನಿಗದಿಯಾಗಿತ್ತು.

ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಯೋಜನೆಗಳು ಹೇರಳ. ಆದರೆ ಒಂದೊಂದಕ್ಕೂ ಬೇರೆ ಅರ್ಜಿ, ಬೇರೆ ಪೋರ್ಟಲ್: ಸೀಟಿಗೆ ಕೆಇಎ, ರಾಜ್ಯದ ನೆರವಿಗೆ ಎಸ್‌ಎಸ್‌ಪಿ, ಕೇಂದ್ರದ್ದಕ್ಕೆ ಎನ್‌ಎಸ್‌ಪಿ, ಸಾಲಕ್ಕೆ ಇನ್ನೊಂದು, ಅಭಿವೃದ್ಧಿ ನಿಗಮಗಳ ‘ಅರಿವು’ ಸಾಲಕ್ಕೆ ಮತ್ತೊಂದು. ಅಮೆರಿಕದಲ್ಲಿ ಕಾಲೇಜಿನ ಶುಲ್ಕ ನಮ್ಮ ಹತ್ತಾರು ಪಟ್ಟು. ಆದರೂ ಅಲ್ಲಿ ಎಫ್‌ಎಎಫ್‌ಎಸ್‌ಎ ಎಂಬ ಒಂದೇ ಅರ್ಜಿಯಿಂದ ಫೆಡರಲ್ ಅನುದಾನ, ಸಾಲ ಎರಡರ ಲೆಕ್ಕವೂ ಶುರುವಾಗುತ್ತದೆ, ಸೇರುವ ಮೊದಲೇ ಕಾಲೇಜಿನಿಂದ ನೆರವಿನ ಪತ್ರ ಬರುತ್ತದೆ. ಇಲ್ಲಿ ಸೇರಿದ ಮೇಲೆ ಅರ್ಜಿ.

ಜಾಮೀನಿಲ್ಲದ ಸಾಲ: ಯಾರಿಗೆ, ಎಲ್ಲಿ

2024ರ ನವೆಂಬರ್ 6ರಂದು ಕೇಂದ್ರ ಸಂಪುಟ ಒಪ್ಪಿದ ‘ಪಿಎಂ ವಿದ್ಯಾಲಕ್ಷ್ಮಿ’ಯ ಬಗ್ಗೆ ಗೊಂದಲ ಹೆಚ್ಚು. ಇದರಲ್ಲಿ ಜಾಮೀನು ಬೇಡ, ಜಾಮೀನುದಾರರೂ ಬೇಡ. ಆದರೆ ಯೋಜನೆ ನಡೆಯುವುದು ಗುರುತಿಸಿದ ಸಂಸ್ಥೆಗಳಲ್ಲಿ (ಶುರುವಿನಲ್ಲಿ ಸುಮಾರು 860) ಮಾತ್ರ: ಕೇಂದ್ರ ಸರ್ಕಾರದ ಶ್ರೇಯಾಂಕವಾದ ಎನ್‌ಐಆರ್‌ಎಫ್ ಪಟ್ಟಿಗಳ ಮೊದಲ ನೂರು, 101ರಿಂದ 200ರವರೆಗಿನ ರಾಜ್ಯ ಸರ್ಕಾರಿ ಸಂಸ್ಥೆಗಳು, ಕೇಂದ್ರದ ಎಲ್ಲ ಸಂಸ್ಥೆಗಳು. ದೇಶದಲ್ಲಿರುವ ಕಾಲೇಜುಗಳು 40 ಸಾವಿರಕ್ಕೂ ಹೆಚ್ಚು. ಸುರತ್ಕಲ್‌ನ ಎನ್‌ಐಟಿಕೆ, ಧಾರವಾಡದ ಐಐಟಿ, ಬೆಂಗಳೂರಿನ ಐಐಎಸ್‌ಸಿ ಇದರೊಳಗೆ ಬರುತ್ತವೆ. ವಿಟಿಯು ವ್ಯಾಪ್ತಿಯ ಬಹುಪಾಲು ಕಾಲೇಜುಗಳು ಬರುವುದಿಲ್ಲ. ಮ್ಯಾನೇಜ್‌ಮೆಂಟ್ ಕೋಟಾದವರೂ ಹೊರಗೆ.

ಎಂಟು ಲಕ್ಷದೊಳಗಿನ ಆದಾಯದವರಿಗೆ 10 ಲಕ್ಷದವರೆಗಿನ ಸಾಲದ ಮೇಲೆ ಓದಿನ ಅವಧಿ ಮತ್ತು ನಂತರದ ಒಂದು ವರ್ಷ ಶೇ 3ರ ಬಡ್ಡಿ ರಿಯಾಯಿತಿ ಇದೆ. ಅದು ವರ್ಷಕ್ಕೆ ದೇಶದ ಒಂದು ಲಕ್ಷ ವಿದ್ಯಾರ್ಥಿಗಳಿಗೆ. ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಅಥವಾ ಬಡ್ಡಿ ನೆರವು ಪಡೆಯುತ್ತಿದ್ದರೆ ಇದಿಲ್ಲ.

ಪಟ್ಟಿಯ ಹೊರಗಿನ ಕಾಲೇಜಿನವರಿಗೆ ಏನೂ ಇಲ್ಲವೆಂದಲ್ಲ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಸ್ವಂತ ಪಾಲು ಹಾಕಬೇಕಿಲ್ಲ, ಅದನ್ನು ದಾಟಿದರೆ ದೇಶದೊಳಗಿನ ಓದಿಗೆ ಶೇ 5. ಸರ್ಕಾರದ ಸಾಲ ಖಾತರಿ ನಿಧಿ ಇರುವುದರಿಂದ 7.5 ಲಕ್ಷದವರೆಗೆ ಆಸ್ತಿ ಅಡವು ಕೇಳುವಂತಿಲ್ಲ. ನ್ಯಾಕ್ ಅಥವಾ ಎನ್‌ಬಿಎ ಮಾನ್ಯತೆ ಇರುವ ಕಡೆ ವೃತ್ತಿಪರ ಕೋರ್ಸು ಓದುವ, 4.5 ಲಕ್ಷದೊಳಗಿನ ಆದಾಯದವರಿಗೆ ಓದಿನ ಅವಧಿ ಮತ್ತು ನಂತರದ ಒಂದು ವರ್ಷದ ಪೂರ್ತಿ ಬಡ್ಡಿಯನ್ನು ಕೇಂದ್ರವೇ ಭರಿಸುತ್ತದೆ. 2009ರಿಂದ ಇರುವ ಈ ಯೋಜನೆ ವಿದ್ಯಾಲಕ್ಷ್ಮಿಯಷ್ಟು ಸುದ್ದಿಯಾಗಲಿಲ್ಲ. ಮೇಲೆ ಹೇಳಿದ ಡ್ರೈವರ್ ಮಗಳಿಗೆ ಹೆಚ್ಚು ಒದಗುವುದು ಮಾತ್ರ ಇದೇ. ಒಂದು ಷರತ್ತು ನೆನಪಿರಲಿ: ಓದನ್ನು ಮಧ್ಯದಲ್ಲಿ ಬಿಟ್ಟರೆ ಬಡ್ಡಿ ನೆರವೂ ಹೋಗುತ್ತದೆ.

ಬಡ್ಡಿ ಎಷ್ಟು ಭಾರ

ವರ್ಷಕ್ಕೆ 1.8 ಲಕ್ಷದಂತೆ ನಾಲ್ಕು ವರ್ಷಕ್ಕೆ 7.2 ಲಕ್ಷ ಸಾಲ, ಶೇ 10 ಬಡ್ಡಿ ಎಂದುಕೊಳ್ಳೋಣ. ಓದುವಾಗ ಕಂತಿಲ್ಲ, ಆದರೆ ಸರಳ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಮೊದಲ ವರ್ಷ ಪಡೆದ ಹಣಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಆಮೇಲೆ ಮೂರು, ಎರಡು. ಒಟ್ಟು 2.52 ಲಕ್ಷ. ಕಂತು ಶುರುವಾಗುವ ದಿನ ಹೆಗಲ ಮೇಲಿರುವುದು 9.72 ಲಕ್ಷ. ಹತ್ತು ವರ್ಷದಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 12,850 ರೂಪಾಯಿ.

ಪೂರ್ತಿ ಬಡ್ಡಿ ನೆರವು ಸಿಕ್ಕವರು 7.2 ಲಕ್ಷದಿಂದಲೇ ಶುರು ಮಾಡುತ್ತಾರೆ. ಕಂತು ಸುಮಾರು 9,500. ಶೇ 3ರ ರಿಯಾಯಿತಿ ಸಿಕ್ಕವರ ಕಂತು ಸುಮಾರು 11,850. ಅಂದರೆ ಹೆಚ್ಚು ಸದ್ದು ಮಾಡಿದ ಯೋಜನೆಯಿಂದ ತಿಂಗಳಿಗೆ ಉಳಿಯುವುದು ಸಾವಿರ ರೂಪಾಯಿ, ಸದ್ದಿಲ್ಲದ ಯೋಜನೆಯಿಂದ ಮೂರು ಸಾವಿರಕ್ಕೂ ಹೆಚ್ಚು. ಮೊದಲ ಕೆಲಸದ ಸಂಬಳ 25 ಸಾವಿರವಾದರೆ, ನೆರವಿಲ್ಲದವರ ಅರ್ಧ ಸಂಬಳ ಕಂತಿಗೇ ಹೋಗುತ್ತದೆ. ಬೆಂಗಳೂರಿನಲ್ಲಿ ಉಳಿದರ್ಧದಲ್ಲಿ ಬದುಕುವುದು ಹೇಗೆ ಎಂಬುದು ಬ್ಯಾಂಕಿನ ಅರ್ಜಿಯಲ್ಲಿ ಕೇಳದ ಪ್ರಶ್ನೆ.

ಕಟ್ಟುವ ದಿನ, ಬರುವ ದಿನ

ಸೀಟು ಹಂಚಿಕೆಯಾದಾಗ ‘ಚಾಯ್ಸ್ 1’ (ಈ ಸೀಟು ಒಪ್ಪಿಗೆ) ಒತ್ತಿದರೆ ಕೆಲವೇ ದಿನಗಳಲ್ಲಿ ಚಲನ್ ಪ್ರಕಾರ ಹಣ ಕಟ್ಟಿ, ಪ್ರವೇಶ ಆದೇಶ ಇಳಿಸಿಕೊಂಡು ಕಾಲೇಜಿಗೆ ಹಾಜರಾಗಬೇಕು. ಕಾಲೇಜಿನ ಕೌಂಟರಿನಲ್ಲಿ ಕೆಇಎಗೆ ಕಟ್ಟಿದ್ದರ ಮೇಲೆ ಇನ್ನೊಂದು ಚೀಟಿ ಸಿದ್ಧವಿರುತ್ತದೆ: ಸ್ಕಿಲ್ ಲ್ಯಾಬ್, ಸಮವಸ್ತ್ರ, ಬಸ್ಸು. ಸಾಲ ಕೇಳಲು ಬ್ಯಾಂಕಿಗೆ ಹೋದರೆ ಅವರು ಮೊದಲು ಕೇಳುವುದು ಪ್ರವೇಶ ಆದೇಶ ಮತ್ತು ಕಾಲೇಜಿನ ಶುಲ್ಕ ಪತ್ರ. ಹಣ ಕಟ್ಟದೆ ಆದೇಶವಿಲ್ಲ, ಆದೇಶವಿಲ್ಲದೆ ಸಾಲವಿಲ್ಲ. ಹೀಗಾಗಿ ಮೊದಲ ಕಂತು ಬಹುತೇಕ ಮನೆಗಳಲ್ಲಿ ಒಡವೆ ಅಡವಿಟ್ಟೋ ಸಂಘದ ಸಾಲ ತೆಗೆದೋ ಬರುತ್ತದೆ. ಎರಡಕ್ಕೂ ಬಡ್ಡಿ ನೆರವಿಲ್ಲ.

ವಿದ್ಯಾರ್ಥಿವೇತನದ ದಾರಿ ಇನ್ನೂ ಉದ್ದ. ಎಸ್‌ಎಸ್‌ಪಿ ಅರ್ಜಿ, ದಾಖಲೆಗಳ ಇ-ದೃಢೀಕರಣ, ಕಾಲೇಜಿನ ಒಪ್ಪಿಗೆ, ಇಲಾಖೆಯ ಪರಿಶೀಲನೆ, ಆಮೇಲೆ ಖಾತೆಗೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ ಇದ್ದರೂ ಅರ್ಜಿ ಕುಂಟುತ್ತದೆ. ಖಾತೆಯ ವಿಷಯದಲ್ಲಿ ಇನ್ನೊಂದು ತೊಡಕು. ನೇರ ವರ್ಗಾವಣೆಯ ಹಣ ನೀವು ಬರೆದುಕೊಟ್ಟ ಖಾತೆಗೆ ಹೋಗುವುದಿಲ್ಲ, ಬ್ಯಾಂಕುಗಳ ಪಾವತಿ ಜಾಲ ನಡೆಸುವ ಎನ್‌ಪಿಸಿಐ ದಾಖಲೆಯಲ್ಲಿ ಆಧಾರ್ ಜೋಡಣೆಯಾಗಿರುವ ಬ್ಯಾಂಕಿಗೆ ಹೋಗುತ್ತದೆ. ಏಳನೇ ತರಗತಿಯಲ್ಲಿ ಊರಿನ ಬ್ಯಾಂಕಿನಲ್ಲಿ ತೆರೆದು ಮರೆತ ಖಾತೆಗೆ ಜೋಡಣೆ ಉಳಿದಿದ್ದರೆ, ಹಣ ಬಂದು ಅಲ್ಲೇ ಕೂತಿರುತ್ತದೆ. ಆ ಖಾತೆ ನಿಷ್ಕ್ರಿಯವಾಗಿದ್ದರೆ ಬಂದಂತೆಯೇ ವಾಪಸ್ಸು ಹೋಗುತ್ತದೆ. ಸೀಟು ಹಂಚಿಕೆಗೆ ಮೊದಲೇ ಒಮ್ಮೆ ಬ್ಯಾಂಕಿಗೆ ಹೋಗಿ ಈ ಜೋಡಣೆ ನೋಡಿಸಿದರೆ ಅರ್ಧ ತಾಪತ್ರಯ ತಪ್ಪುತ್ತದೆ.

ಪರಿಶಿಷ್ಟ ಜಾತಿ ವಿದ್ಯಾರ್ಥಿಗಳ ವಿಷಯದಲ್ಲಿ ಬದಲಾವಣೆ ಇನ್ನೂ ಆಳದ್ದು. 2021ರ ಮಾರ್ಗಸೂಚಿಯ ನಂತರ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ 60:40ರ ಅನುಪಾತದಲ್ಲಿ ಹಂಚಿಕೊಳ್ಳುತ್ತವೆ. ರಾಜ್ಯದ ಪಾಲು ಬಂದ ಮೇಲೆ ಕೇಂದ್ರದ ಪಾಲು ನೇರ ವಿದ್ಯಾರ್ಥಿಯ ಖಾತೆಗೆ ಬರುತ್ತದೆ, ಅದನ್ನು ವಿದ್ಯಾರ್ಥಿಯೇ ಕಾಲೇಜಿಗೆ ಕಟ್ಟಬೇಕು. ನಡುವೆ ಸೋರಿಕೆ ಆಗದಿರಲಿ ಎಂಬುದು ಉದ್ದೇಶ, ಅದು ತಪ್ಪಲ್ಲ. ಆದರೆ ಪರಿಣಾಮ ನೋಡಿ. ಮೊದಲು ಬಾಕಿ ಇರುತ್ತಿದ್ದುದು ಸರ್ಕಾರ ಮತ್ತು ಕಾಲೇಜಿನ ನಡುವೆ. ಈಗ ಬಾಕಿದಾರ ಹದಿನೆಂಟರ ವಿದ್ಯಾರ್ಥಿ. ಕಾಲೇಜಿಗೆ ಸರ್ಕಾರದ ಮೇಲೆ ಒತ್ತಡ ಹಾಕುವುದಕ್ಕಿಂತ ಹುಡುಗನ ಹಾಲ್ ಟಿಕೆಟ್ ತಡೆಯುವುದು ಸುಲಭ.

ಮುಂದೆ ಏನಾಗಬಹುದು

ವರ್ಷಕ್ಕೆ ಶೇ 7ರಿಂದ 10ರ ಏರಿಕೆ ಮುಂದುವರಿದು, 2.5 ಲಕ್ಷದ ಗೆರೆ ಅಲ್ಲೇ ನಿಂತರೆ, ಸಂಬಳ ಹೆಸರಿಗಷ್ಟೇ ಏರಿದ ಕುಟುಂಬಗಳು ವರ್ಷ ವರ್ಷ ಗೆರೆಯ ಆಚೆಗೆ ಜಾರುತ್ತವೆ. ಫಲಾನುಭವಿಗಳ ಸಂಖ್ಯೆ ಇಳಿದರೆ ಅದನ್ನು ಬಡತನ ಕಡಿಮೆಯಾಯಿತು ಎಂದು ಓದುವ ಅಪಾಯವೂ ಇದೆ.

ಸೀಟುಗಳ ಕಡೆಯೂ ಒಂದು ಚಲನೆ ನಡೆದಿದೆ. 2024-25ರಿಂದ ಎಐಸಿಟಿಇ ಒಂದು ಬ್ರಾಂಚಿನ ಸೀಟುಗಳ ಮೇಲಿದ್ದ ಮಿತಿಯನ್ನು ತೆಗೆಯಿತು. ಬೇಡಿಕೆಯಿರುವ ಕಾಲೇಜುಗಳಿಗೆ ಕಂಪ್ಯೂಟರ್ ಸೈನ್ಸ್ ಸೀಟು ಹೆಚ್ಚಿಸಿಕೊಳ್ಳುವ ದಾರಿ ತೆರೆಯಿತು. ಸೀಟು ಹೆಚ್ಚಾದಷ್ಟೂ ಅದರ ಕಾಲು ಭಾಗವಾದ ಮ್ಯಾನೇಜ್‌ಮೆಂಟ್ ಸೀಟೂ ಹೆಚ್ಚು. ಅದೇ ಹೊತ್ತಿಗೆ ಸಿವಿಲ್, ಮೆಕ್ಯಾನಿಕಲ್ ಸೀಟುಗಳು ಖಾಲಿ ಬೀಳುವ ಸಣ್ಣ ಊರಿನ ಕಾಲೇಜುಗಳು ಮರುಪಾವತಿಯ ಹಣವನ್ನೇ ನೆಚ್ಚಿಕೊಳ್ಳುತ್ತವೆ. ಆ ಹಣ ತಡವಾದರೆ ಅಲ್ಲಿ ಮೊದಲು ನಿಲ್ಲುವುದು ಅತಿಥಿ ಉಪನ್ಯಾಸಕರ ಸಂಬಳ.

ಎರಡನೇ ವರ್ಷಕ್ಕೆ ಕಾಲಿಡುವವರ ಮುಂದೆ ಬರುವ ತಿಂಗಳುಗಳಲ್ಲಿ ಎರಡು ಪರದೆಗಳು ತೆರೆದಿರುತ್ತವೆ. ಒಂದರಲ್ಲಿ ಕಾಲೇಜಿನ ಶುಲ್ಕದ ಕೊನೆಯ ದಿನಾಂಕ, ಅದಾದ ಮೇಲೆ ದಿನಕ್ಕಿಷ್ಟು ಎಂದು ದಂಡ. ಇನ್ನೊಂದರಲ್ಲಿ ಮೊದಲ ವರ್ಷದ ಅರ್ಜಿಯ ಸ್ಥಿತಿ: ‘ಪರಿಶೀಲನೆಯಲ್ಲಿದೆ’.